ಎಷ್ಟು ಉಂಡಿರಿ, ಯಾಕೆ ಉಂಡಿರಿ?

ಹಾವೇರಿ ಜಿಲ್ಲೆ ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನಂಥ ಊರಿನಲ್ಲಿ ಮದುವೆಯ ಪಂಕ್ತಿ ನೋಡಬೇಕು. ಎಲೆಯ ತುದಿಗೆ ಉಪ್ಪಿನಕಾಯಿ, ಕೋಸಂಬರಿ. ಆಮೇಲೆ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕಾಳುಪಲ್ಯ. ನಡುವೆ ಗೋದಿ ಹುಗ್ಗಿ, ಅದರ ಮೇಲೆ ತುಪ್ಪ. ಕೊನೆಗೆ ಅನ್ನ, ಸಾರು, ಮಜ್ಜಿಗೆ. ಹುಗ್ಗಿಯ ಬಕೆಟ್ ಎರಡನೇ ಸುತ್ತು ಬಂದಾಗ ‘ಬ್ಯಾಡ್ರಿ, ಸಾಕ’ ಎಂದು ಎಲೆಗೆ ಅಡ್ಡ ಕೈ ಹಿಡಿದವರ ಬೆರಳ ಸಂದಿಯಿಂದಲೂ ಒಂದು ಸವಟು ಇಳಿದೇ ಇಳಿಯುತ್ತದೆ.

ಕೈ ತೊಳೆದುಕೊಂಡು ಬಂದವರನ್ನು ನಿಲ್ಲಿಸಿ ‘ಇವತ್ತ ಸ್ವಲ್ಪ ಜಾಸ್ತೀನ ಉಂಡ್ರೆಲ್ಲ, ಯಾಕ್ರಿ?’ ಎಂದು ಕೇಳಿ. ‘ಹಸಿವಾಗಿತ್ರಿ’ ಎನ್ನುತ್ತಾರೆ. ಇಲ್ಲವೇ ‘ಹುಗ್ಗಿ ಭಾಳ ಚಲೋ ಆಗಿತ್ರಿ’ ಎನ್ನುತ್ತಾರೆ. ‘ಮಗ್ಗಲದಾಗ ಕುಂತಾಂವ ಎರಡ ಸಲ ಹಾಕಿಸ್ಕೊಂಡ, ಅದಕ್ಕ ನಾನೂ ಹಾಕಿಸ್ಕೊಂಡೆ’ ಎನ್ನುವ ಪುಣ್ಯಾತ್ಮ ಸಿಗುವುದು ಕಷ್ಟ. ‘ಸವಟು ದೊಡ್ಡದಿತ್ತು’ ಎಂದು ಯಾರಾದರೂ ಅಂದರೆ ಸುತ್ತಲಿದ್ದವರು ನಕ್ಕಾರು. ಆದರೆ ಊಟದ ಮನಶ್ಶಾಸ್ತ್ರ ಕಳೆದ ಐವತ್ತು ವರ್ಷಗಳಲ್ಲಿ ಕಂಡುಕೊಂಡಿರುವುದು ಇದನ್ನೇ: ಎಷ್ಟು ಉಂಡೆವು ಎಂಬುದಕ್ಕೆ ಯಾರೂ ಕೊಡದ ಕಾರಣಗಳಲ್ಲಿ ಬಹಳಷ್ಟು ನಿಜವಾದವು.

2008ರಲ್ಲಿ ಲೆನ್ನಿ ವಾರ್ಟೇನಿಯನ್, ಪೀಟರ್ ಹರ್ಮನ್ ಮತ್ತು ಬ್ರಯಾನ್ ವಾನ್‌ಸಿಂಕ್ ಎಂಬ ಮೂವರು ಈ ವಿಷಯವನ್ನು ನೇರವಾಗಿ ಪರೀಕ್ಷಿಸಿದರು. ಜೊತೆಗೆ ಕೂತು ಉಣ್ಣುವವರು ಎಷ್ಟು ತಿಂದರು ಎಂದು ಅಳೆದರು. ಊಟ ಮುಗಿದ ಮೇಲೆ ‘ಇಷ್ಟು ತಿನ್ನಲು ಕಾರಣವೇನು?’ ಎಂದು ಕೇಳಿದರು. ಅಳತೆಯಲ್ಲಿ ಎದ್ದು ಕಂಡದ್ದು ಜೊತೆಗಾರರ ಪ್ರಭಾವ. ಒಬ್ಬರು ಹೆಚ್ಚು ತಿಂದಲ್ಲಿ ಇನ್ನೊಬ್ಬರೂ ಹೆಚ್ಚು, ಒಬ್ಬರು ಕಡಿಮೆ ತಿಂದಲ್ಲಿ ಇನ್ನೊಬ್ಬರೂ ಕಡಿಮೆ. ಉತ್ತರಗಳಲ್ಲಿ ಮಾತ್ರ ಜೊತೆಗಾರರ ಹೆಸರು ಬಂದದ್ದು ಅಪರೂಪ, ಹೆಚ್ಚಾಗಿ ಬಂದದ್ದು ಹಸಿವು ಮತ್ತು ರುಚಿ.

ಜನ ಸುಳ್ಳು ಹೇಳಿದರೇ? ಹಾಗೇನಿಲ್ಲ. 1977ರಲ್ಲಿ ಅಮೆರಿಕದ ರಿಚರ್ಡ್ ನಿಸ್‌ಬೆಟ್ ಮತ್ತು ತಿಮೋಥಿ ವಿಲ್ಸನ್ ಒಂದು ಪ್ರಸಿದ್ಧ ಪ್ರಬಂಧ ಬರೆದರು. ಅಂಗಡಿಯೊಂದರಲ್ಲಿ ನಾಲ್ಕು ಜೊತೆ ನೈಲಾನ್ ಕಾಲುಚೀಲಗಳನ್ನು ಸಾಲಾಗಿ ಇಟ್ಟು, ಯಾವುದು ಉತ್ತಮ ಎಂದು ಗಿರಾಕಿಗಳನ್ನು ಕೇಳಿದ್ದರು. ನಾಲ್ಕೂ ಒಂದೇ ಮಾಲು. ಆದರೂ ಬಲತುದಿಯದನ್ನು ಆರಿಸಿದವರು ಎಡತುದಿಯದನ್ನು ಆರಿಸಿದವರಿಗಿಂತ ಸುಮಾರು ನಾಲ್ಕು ಪಟ್ಟು. ಕಾರಣ ಕೇಳಿದರೆ ನೇಯ್ಗೆ ಚೆನ್ನಾಗಿದೆ, ಬಟ್ಟೆ ನಯವಾಗಿದೆ ಎಂದರು. ‘ಇಟ್ಟ ಜಾಗದಿಂದ ನಿಮ್ಮ ಆಯ್ಕೆ ಬದಲಾಗಿರಬಹುದೇ?’ ಎಂದಾಗ ಹೆಚ್ಚುಕಡಿಮೆ ಎಲ್ಲರೂ ಇಲ್ಲವೆಂದರು. ಕೇಳಿದವನಿಗೇ ತಲೆ ಸರಿಯಿಲ್ಲ ಎಂಬಂತೆ ನೋಡಿದರು. ಮನಸ್ಸು ಮೊದಲು ಕೆಲಸ ಮುಗಿಸಿ, ಆಮೇಲೆ ಒಪ್ಪುವಂಥ ಕಾರಣವೊಂದನ್ನು ಹುಡುಕುತ್ತದೆ. ಊಟದ ವಿಷಯದಲ್ಲಿ ಆ ಕಾರಣ ಮೊದಲೇ ಸಿದ್ಧವಿರುತ್ತದೆ: ಹಸಿವು.

ಹೊಟ್ಟೆ ಲೆಕ್ಕ ಇಡುವುದು ಹೇಗೆ

ಹಾಗೆಂದು ಹಸಿವೇ ಸುಳ್ಳು ಎಂದು ಯಾರೂ ಹೇಳುತ್ತಿಲ್ಲ. ಖಾಲಿ ಹೊಟ್ಟೆಯಿಂದ ಹೊರಡುವ ಗ್ರೆಲಿನ್ ಎಂಬ ಹಾರ್ಮೋನನ್ನು 1999ರಲ್ಲಿ ಜಪಾನಿನ ವಿಜ್ಞಾನಿಗಳು ಪತ್ತೆ ಮಾಡಿದರು. ಊಟದ ಹೊತ್ತು ಹತ್ತಿರವಾದಂತೆ ರಕ್ತದಲ್ಲಿ ಅದು ಏರುತ್ತದೆ. ಊಟ ಇಳಿಯುತ್ತಿದ್ದಂತೆ ಜಠರದ ಗೋಡೆ ಹಿಗ್ಗುತ್ತದೆ, ಆ ಸುದ್ದಿಯನ್ನು ವೇಗಸ್ ನರ ಮಿದುಳಿಗೆ ಮುಟ್ಟಿಸುತ್ತದೆ. ಕೊಬ್ಬು, ಪ್ರೋಟೀನು ಸಣ್ಣ ಕರುಳಿಗೆ ಇಳಿದಾಗ ಕೊಲೆಸಿಸ್ಟೊಕೈನಿನ್ ಎಂಬ ಇನ್ನೊಂದು ಹಾರ್ಮೋನು ‘ಸಾಕು’ ಎನ್ನುತ್ತದೆ. ದೇಹದ ಕೊಬ್ಬಿನ ದಾಸ್ತಾನು ಎಷ್ಟಿದೆ ಎಂದು ತಿಳಿಸುವುದು 1994ರಲ್ಲಿ ಗೊತ್ತಾದ ಲೆಪ್ಟಿನ್.

ಇಷ್ಟೆಲ್ಲ ಏರ್ಪಾಡಿದ್ದರೂ ಇವು ನಿಧಾನದ ಸುದ್ದಿಗಳು, ಒರಟು ಅಂದಾಜುಗಳು. ಕರುಳಿನ ಸುದ್ದಿ ಮಿದುಳಿಗೆ ಮುಟ್ಟುವಷ್ಟರಲ್ಲಿ ಅವಸರದವರು ಊಟವನ್ನೇ ಮುಗಿಸಿರುತ್ತಾರೆ. ಮೂರನೇ ರೊಟ್ಟಿಗೂ ನಾಲ್ಕನೇ ರೊಟ್ಟಿಗೂ ಇರುವ ವ್ಯತ್ಯಾಸವನ್ನು ಇವು ಕರಾರುವಾಕ್ಕಾಗಿ ಹೇಳಲಾರವು.

ಟೊರಾಂಟೊ ವಿಶ್ವವಿದ್ಯಾಲಯದ ಪೀಟರ್ ಹರ್ಮನ್ ಮತ್ತು ಜಾನೆಟ್ ಪೊಲಿವಿ 1984ರಲ್ಲಿ ಇದಕ್ಕೊಂದು ಚೌಕಟ್ಟು ಕೊಟ್ಟರು. ಹೊಲಕ್ಕೆ ಎರಡು ಬದುಗಳಿದ್ದಂತೆ ಊಟಕ್ಕೂ ಎರಡಿವೆ. ಆ ಕಡೆಯ ಬದು ಹಸಿವು. ಅದನ್ನು ದಾಟಿದರೆ ಸಂಕಟ, ಉಣ್ಣಲೇಬೇಕು. ಈ ಕಡೆಯ ಬದು ಹೊಟ್ಟೆ ಬಿರಿಯುವಿಕೆ. ಅದನ್ನು ದಾಟಿದರೂ ಸಂಕಟ, ನಿಲ್ಲಿಸಲೇಬೇಕು. ಎರಡು ಬದುಗಳ ನಡುವೆ ದೊಡ್ಡ ಬಯಲಿದೆ. ಅಲ್ಲಿ ದೇಹಕ್ಕೆ ಒಂದು ರೊಟ್ಟಿ ಹೆಚ್ಚಾದರೂ ಅಷ್ಟೇ, ಕಡಿಮೆಯಾದರೂ ಅಷ್ಟೇ. ಆ ಬಯಲಿನಲ್ಲಿ ಎಲ್ಲಿ ನಿಲ್ಲಬೇಕು ಎಂದು ತೀರ್ಮಾನಿಸುವುದು ಹೊರಗಿನವರು, ಹೊರಗಿನ ವಸ್ತುಗಳು: ಬಡಿಸುವ ಕೈ, ಪಕ್ಕದವರ ಎಲೆ, ಗೋಡೆಯ ಗಡಿಯಾರ, ಟಿ.ವಿ. ‘ಹಸಿವಿತ್ತು, ತಿಂದೆ’ ಎಂಬ ಮಾತು ಊಟ ಶುರುವಾದದ್ದಕ್ಕೆ ಕಾರಣ ಹೇಳುತ್ತದೆ. ಊಟ ಎಲ್ಲಿ ನಿಂತಿತು ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕು.

ಬಡಿಸುವವರ ಸವಟು

ಮೊದಲ ಕಾರಣ ಎದುರಿಗೆ ಬಂದು ಬಿದ್ದ ಪ್ರಮಾಣ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗ ಸರಳವಾದುದು. 51 ಮಂದಿಗೆ ವಾರಕ್ಕೊಂದು ದಿನ ಚೀಸು ಬೆರೆಸಿದ ಮ್ಯಾಕರೋನಿಯ ಊಟ. ಒಮ್ಮೆ 500 ಗ್ರಾಂ, ಇನ್ನೊಮ್ಮೆ 625, ಮತ್ತೊಮ್ಮೆ 750, ಮಗದೊಮ್ಮೆ 1000 ಗ್ರಾಂ. ಬೇಕಾದಷ್ಟು ತಿಂದು ಉಳಿದದ್ದು ಬಿಡಬಹುದು. ಅತಿ ಚಿಕ್ಕ ಪ್ರಮಾಣ ಇಟ್ಟ ದಿನಕ್ಕಿಂತ ಅತಿ ದೊಡ್ಡ ಪ್ರಮಾಣ ಇಟ್ಟ ದಿನ ಅವರ ಹೊಟ್ಟೆಗೆ ಹೋದ ಶಕ್ತಿ ಶೇ 30ರಷ್ಟು ಹೆಚ್ಚು. ಊಟದ ನಂತರ ಹೊಟ್ಟೆ ಎಷ್ಟು ತುಂಬಿದೆ ಎಂದರೆ ಎಲ್ಲ ದಿನವೂ ಹೆಚ್ಚುಕಡಿಮೆ ಒಂದೇ ಉತ್ತರ. ಪ್ರಮಾಣ ಬದಲಾಗುತ್ತಿತ್ತು ಎಂಬುದನ್ನು ಗಮನಿಸಿದವರು ಶೇ 45 ಮಂದಿ. ಒಂದಕ್ಕೆ ಎರಡಾದರೂ ಅರ್ಧಕ್ಕಿಂತ ಹೆಚ್ಚು ಜನರ ಗಮನಕ್ಕೆ ಬಂದಿರಲಿಲ್ಲ.

ಇನ್ನೂ ಒಂದು ಸಂಗತಿ ಇದೆ. ಕೆಲವರಿಗೆ ತಟ್ಟೆಯಲ್ಲಿ ಬಡಿಸಿಯೇ ಕೊಟ್ಟಿದ್ದರು, ಕೆಲವರು ಪಾತ್ರೆಯಿಂದ ತಾವೇ ಹಾಕಿಕೊಂಡಿದ್ದರು. ಪರಿಣಾಮ ಎರಡರಲ್ಲೂ ಒಂದೇ. ಪಂಕ್ತಿ ಬಿಟ್ಟು ಬಫೆಗೆ ಹೋದರೆ ಹಿಡಿತ ನಮ್ಮ ಕೈಗೆ ಬರುತ್ತದೆ ಎಂದುಕೊಂಡವರು ಇದನ್ನು ನೆನಪಿಡಬೇಕು. ಎದುರಿನ ಪಾತ್ರೆ ದೊಡ್ಡದಾದರೆ ನಮ್ಮ ಕೈಯೂ ದೊಡ್ಡದಾಗುತ್ತದೆ.

ನಮ್ಮ ಕಡೆ ಇದರ ಜೊತೆಗೆ ಇನ್ನೊಂದು ಕಟ್ಟಳೆ ಸೇರಿಕೊಳ್ಳುತ್ತದೆ. ಎಲೆಯಲ್ಲಿ ಅಗುಳು ಬಿಡಬಾರದು. ವೀರಶೈವ ಮನೆಗಳಲ್ಲಿ, ಮಠಗಳಲ್ಲಿ ತಾಟನ್ನು ಬೆರಳಿನಿಂದ ಬಳಿದು, ತೊಳೆದು, ಆ ನೀರನ್ನೂ ಕುಡಿಯುವ ಹಿರಿಯರು ಈಗಲೂ ಇದ್ದಾರೆ. ಬರ ಕಂಡ ನಾಡಿನಲ್ಲಿ ಅನ್ನಕ್ಕೆ ತೋರಿದ ಈ ಮರ್ಯಾದೆ ದೊಡ್ಡದು, ಅದನ್ನು ಹಗುರ ಮಾಡುವುದು ಬೇಡ. ಆದರೆ ಲೆಕ್ಕ ಹೀಗಾಗುತ್ತದೆ: ಬಿಡುವಂತಿಲ್ಲ ಎಂದ ಮೇಲೆ ಎಷ್ಟು ಉಣ್ಣಬೇಕು ಎಂದು ನಿರ್ಧರಿಸುವವರು ಬಡಿಸುವವರು. ಊಟದ ಅಳತೆ ಉಣ್ಣುವವರ ಹೊಟ್ಟೆಯಿಂದ ಬಡಿಸುವವರ ಸವಟಿಗೆ ವರ್ಗವಾಗುತ್ತದೆ.

ಮಗ್ಗಲಲ್ಲಿ ಕೂತವರ ಕೈ

ನೆದರ್ಲೆಂಡ್ಸಿನ ರೋಲ್ ಹರ್ಮನ್ಸ್ ಮತ್ತು ಸಂಗಡಿಗರು 2012ರಲ್ಲಿ 70 ಜೋಡಿ ಯುವತಿಯರ ಊಟವನ್ನು ಚಿತ್ರೀಕರಿಸಿ ಒಂದೊಂದು ತುತ್ತನ್ನೂ ಎಣಿಸಿದರು. ಒಟ್ಟು 3,888 ತುತ್ತುಗಳು. ಎದುರಿನವಳು ತುತ್ತು ಬಾಯಿಗಿಟ್ಟ ಐದು ಸೆಕೆಂಡಿನೊಳಗೆ ತಾನೂ ಇಡುವ ಸಾಧ್ಯತೆ, ಬೇರೆ ಹೊತ್ತಿನಲ್ಲಿ ಇಡುವುದಕ್ಕಿಂತ ಹೆಚ್ಚಿತ್ತು. ಊಟದ ಶುರುವಿನಲ್ಲಿ ಈ ಅನುಕರಣೆ ಜೋರು, ಕೊನೆಕೊನೆಗೆ ಕಡಿಮೆ. ಇಂಥ ಪ್ರಭಾವದ ಮೇಲೆ ನಡೆದ 69 ಪ್ರಯೋಗಗಳನ್ನು 2015ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ ಬಹುಪಾಲು ಎಲ್ಲವೂ ಒಂದೇ ಮಾತು ಹೇಳಿದವು: ಜೊತೆಗಾರರು ತಿಂದಷ್ಟು ನಾವೂ ತಿನ್ನುತ್ತೇವೆ.

ಗುಂಪು ದೊಡ್ಡದಾದರೆ ಇನ್ನೊಂದು ಪರಿಣಾಮ. ಜಾನ್ ಡಿ ಕ್ಯಾಸ್ಟ್ರೋ ಎಂಬ ಅಮೆರಿಕದ ವಿಜ್ಞಾನಿ ಜನರಿಂದ ಊಟದ ದಿನಚರಿ ಬರೆಸಿ ನೋಡಿದಾಗ, ಒಂಟಿ ಊಟಕ್ಕಿಂತ ಜೊತೆಯೂಟ ಶೇ 44ರಷ್ಟು ದೊಡ್ಡದಿತ್ತು. ಕಾರಣ ಗೂಢವೇನಲ್ಲ. ಜೊತೆಯಿದ್ದರೆ ಮಾತು ಬೆಳೆಯುತ್ತದೆ, ಮಾತು ಬೆಳೆದರೆ ಊಟದ ಹೊತ್ತೂ ಬೆಳೆಯುತ್ತದೆ, ಎದುರಿನ ಬುಟ್ಟಿಯಲ್ಲಿ ರೊಟ್ಟಿ ಇದ್ದೇ ಇರುತ್ತದೆ. ಶೀಗಿ ಹುಣ್ಣಿಮೆಗೆ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬದುವಿನ ಮೇಲೆ ಬುತ್ತಿ ಬಿಚ್ಚಿದವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಕಡಬು, ಶೇಂಗಾ ಹೋಳಿಗೆ, ಕಟಿರೊಟ್ಟಿ, ಪುಂಡಿಪಲ್ಯ, ಮೊಸರು ಬುತ್ತಿ ಹರಡಿಕೊಂಡು ಮನೆಮಂದಿ, ಆಳುಕಾಳು, ನೆಂಟರು ಸುತ್ತಲೂ ಕೂತರೆ ಮನೆಯಲ್ಲಿ ಎರಡು ರೊಟ್ಟಿಗೆ ಏಳುವವರು ಅಲ್ಲಿ ನಾಲ್ಕಕ್ಕೂ ಏಳುವುದಿಲ್ಲ. ‘ಹೊಲದ ಗಾಳಿಗೆ ಹಸಿವು ಜಾಸ್ತಿ’ ಎನ್ನುತ್ತಾರೆ. ಗಾಳಿಗಿಂತ ಗುಂಪಿನ ಪಾಲು ದೊಡ್ಡದಿರಬಹುದು.

ಇದೇ ಜೊತೆ ಕೆಲವೊಮ್ಮೆ ಉಲ್ಟಾ ಹೊಡೆಯುತ್ತದೆ. ನೋಡುವವರ ಕಣ್ಣಿಗೆ ಅಂಜಿದವರು ಕಡಿಮೆ ತಿನ್ನುತ್ತಾರೆ. ಅತ್ತೆಮನೆಗೆ ಮೊದಲ ಸಲ ಬಂದ ಹೊಸ ಅಳಿಯ ಒಂದೂವರೆ ರೊಟ್ಟಿಗೆ ‘ಹೊಟ್ಟಿ ತುಂಬೇತ್ರಿ’ ಎನ್ನುವುದು ಹೀಗೆ. ಅವನ ಹೊಟ್ಟೆ ತುಂಬಿಲ್ಲ ಎಂಬುದು ಅಡುಗೆಮನೆಯಲ್ಲಿದ್ದ ಎಲ್ಲ ಹೆಂಗಸರಿಗೂ ಗೊತ್ತು.

ಇಲ್ಲೊಂದು ವಿಚಿತ್ರವಿದೆ. ಅಳಿಯನ ನಾಚಿಕೆ, ನೆಂಟರ ಸಂಕೋಚ, ಗೆಳೆಯನ ಹೊಟ್ಟೆಬಾಕತನ ನಮಗೆ ಚೆನ್ನಾಗಿ ಕಾಣುತ್ತವೆ. ನಮ್ಮದು ಮಾತ್ರ ಕಾಣದು. 2002ರಲ್ಲಿ ಎಮಿಲಿ ಪ್ರೋನಿನ್ ಮತ್ತು ಸಂಗಡಿಗರು ಇದನ್ನೇ ತೋರಿಸಿದರು. ಹೊರಗಿನ ಪ್ರಭಾವಗಳಿಗೆ, ಪೂರ್ವಗ್ರಹಗಳಿಗೆ ಬೇರೆಯವರು ಸಿಕ್ಕಿಬೀಳುತ್ತಾರೆ, ತಾವು ಅಷ್ಟಾಗಿ ಇಲ್ಲ ಎಂಬುದು ಬಹುಜನರ ನಂಬಿಕೆ. ಬೇರೆಯವರನ್ನು ಹೊರಗಿನಿಂದ ನೋಡುತ್ತೇವೆ, ಅವರ ಕೈ ಯಾವಾಗ ಬುಟ್ಟಿಗೆ ಹೋಯಿತೆಂದು ಕಾಣುತ್ತದೆ. ನಮ್ಮನ್ನು ಒಳಗಿನಿಂದ ನೋಡಿಕೊಳ್ಳುತ್ತೇವೆ, ಅಲ್ಲಿ ಕಾಣುವುದು ಹಸಿವೊಂದೇ.

ಮಿರ್ಚಿಯ ತೊಟ್ಟು

ಸಂಜೆ ಸವಣೂರಿನ ಬಸ್‌ಸ್ಟ್ಯಾಂಡಿನ ಕಡೆ ಮಿರ್ಚಿ-ಮಂಡಕ್ಕಿ ತಿನ್ನುವವರ ಕಾಗದವನ್ನು ಗಮನಿಸಿ. ಮಿರ್ಚಿ ತಿಂದ ಮೇಲೆ ತೊಟ್ಟು ಉಳಿಯುತ್ತದೆ. ನಾಲ್ಕು ತೊಟ್ಟು ಬಿದ್ದಿದ್ದರೆ ನಾಲ್ಕು ಮಿರ್ಚಿ, ವಾದಕ್ಕೆ ಅವಕಾಶವಿಲ್ಲ. ಮಂಡಕ್ಕಿ ಮಾತ್ರ ಎಷ್ಟು ಹಿಡಿ ಹೋಯಿತೋ ಕಾಗದಕ್ಕೂ ಗೊತ್ತಿಲ್ಲ, ತಿಂದವರಿಗೂ ಗೊತ್ತಿಲ್ಲ. ಸಿಪ್ಪೆ ಸಹಿತ ಶೇಂಗಾ ತಿಂದವರ ಮುಂದೆ ರಾಶಿ ಸಾಕ್ಷಿ ಹೇಳುತ್ತದೆ; ಹುರಿದು ಬೀಜ ಬಿಡಿಸಿಟ್ಟ ಡಬ್ಬಿ ಸದ್ದಿಲ್ಲದೆ ಖಾಲಿಯಾಗುತ್ತದೆ.

ಊಟ ನಿಲ್ಲಿಸುವುದರಲ್ಲಿ ನೆನಪಿನ ಪಾಲು ಎಷ್ಟು ದೊಡ್ಡದು ಎಂದು 1998ರಲ್ಲಿ ಪಾಲ್ ರೋಜಿನ್ ಮತ್ತು ಸಂಗಡಿಗರು ತೋರಿಸಿದರು. ಮಿದುಳಿಗೆ ಹಾನಿಯಾಗಿ ಈಗ ನಡೆದದ್ದು ಕೆಲ ನಿಮಿಷಗಳಲ್ಲೇ ಮರೆತುಹೋಗುವ ಇಬ್ಬರು ರೋಗಿಗಳಿಗೆ ಮಧ್ಯಾಹ್ನದ ಊಟ ಕೊಟ್ಟರು. ಹತ್ತರಿಂದ ಮೂವತ್ತು ನಿಮಿಷ ಬಿಟ್ಟು ‘ಊಟದ ಹೊತ್ತಾಯಿತು’ ಎಂದು ಮತ್ತೆ ತಟ್ಟೆ ಇಟ್ಟರು. ಅವರು ಎರಡನೇ ಊಟವನ್ನೂ ಮಾಡಿದರು. ಮೂರನೆಯದು ಇಟ್ಟಾಗ ಅದಕ್ಕೂ ಸಾಮಾನ್ಯವಾಗಿ ಕೈ ಹಾಕಿದರು. ಹೊಟ್ಟೆ ತುಂಬಿತ್ತು, ಉಂಡ ನೆನಪಿರಲಿಲ್ಲ.

ಆರೋಗ್ಯವಂತರಲ್ಲೂ ಇದು ಸಣ್ಣ ಪ್ರಮಾಣದಲ್ಲಿ ನಡೆಯುತ್ತದೆ. ಬ್ರಿಟನ್ನಿನ ಸುಜಾನ್ ಹಿಗ್ಸ್ 2002ರಲ್ಲಿ ಮಾಡಿದ ಪ್ರಯೋಗದಲ್ಲಿ, ಅಂದಿನ ಮಧ್ಯಾಹ್ನ ಏನು ಉಂಡಿರಿ ಎಂದು ನೆನಪಿಸಿಕೊಳ್ಳಲು ಹೇಳಿದರೆ ಜನ ನಂತರದ ಕುರುಕು ತಿಂಡಿಯನ್ನು ಕಡಿಮೆ ತಿಂದರು. ಊಟದ ಹೊತ್ತಿಗೆ ಟಿ.ವಿ. ನೋಡಿದವರು ಸಂಜೆಗೆ ಹೆಚ್ಚು ತಿಂದದ್ದನ್ನು ಅವರದೇ 2009ರ ಪ್ರಯೋಗ ತೋರಿಸಿತು. ಧಾರಾವಾಹಿಯ ಮುಂದೆ ಉಂಡ ಊಟ ಹೊಟ್ಟೆಗೆ ಹೋಗುತ್ತದೆ, ಲೆಕ್ಕಕ್ಕೆ ಹೋಗುವುದಿಲ್ಲ. ಮಾತು ಕಡಿಮೆ ಮಾಡಿ, ನಗೆಯಾಟ ಬಿಟ್ಟು, ಮನಸ್ಸಿಟ್ಟು ಉಣ್ಣಬೇಕು ಎಂದು ಚರಕಸಂಹಿತೆ ಹೇಳಿದ್ದು ಇದಕ್ಕೆ ಹೊಂದುತ್ತದೆ. ಜಠರವನ್ನು ಮೂರು ಪಾಲು ಮಾಡಿ ಒಂದನ್ನು ಗಟ್ಟಿ ಆಹಾರಕ್ಕೆ, ಒಂದನ್ನು ದ್ರವಕ್ಕೆ, ಒಂದನ್ನು ವಾತ-ಪಿತ್ತ-ಕಫಗಳಿಗೆ ಬಿಡಬೇಕೆಂಬ ಅದರ ಇನ್ನೊಂದು ಮಾತೂ ಉಣ್ಣುವವರು ಗಮನ ಕೊಟ್ಟರೆ ಮಾತ್ರ ಸಾಧ್ಯ.

ಕಟಿರೊಟ್ಟಿ ಮತ್ತು ಪ್ಯಾಕೆಟ್ಟು

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ 2019ರಲ್ಲಿ ಪ್ರಕಟಿಸಿದ ಅಧ್ಯಯನ ಈ ಸಾಲಿನಲ್ಲಿ ತುಂಬ ಮುಖ್ಯವಾದುದು. 20 ಮಂದಿಯನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಎರಡು ವಾರ ಕಾರ್ಖಾನೆಯ ಅತಿಸಂಸ್ಕರಿತ ಆಹಾರ, ಎರಡು ವಾರ ಸಂಸ್ಕರಣೆ ಕಡಿಮೆಯಿರುವ ಆಹಾರ ಕೊಟ್ಟರು. ಎದುರಿಗೆ ಇಟ್ಟ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಸಮ. ತಿನ್ನುವಷ್ಟು ತಿನ್ನಿ ಎಂದರು. ಅತಿಸಂಸ್ಕರಿತ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಎರಡು ವಾರಕ್ಕೆ ಸುಮಾರು 0.9 ಕಿಲೋ ತೂಕ ಏರಿತು. ಇನ್ನೊಂದು ಆಹಾರದ ಎರಡು ವಾರದಲ್ಲಿ ಅಷ್ಟೇ ಇಳಿಯಿತು. ರುಚಿ ಹೇಗಿದೆ ಎಂದರೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಅಂಕ. ಹಾಗಾದರೆ ‘ರುಚಿಯಾಗಿತ್ತು, ತಿಂದೆ’ ಎಂಬ ಉತ್ತರವೂ ಇಲ್ಲಿ ಸಲ್ಲದು. ಕಂಡ ಒಂದು ವ್ಯತ್ಯಾಸ ವೇಗದ್ದು. ಮೆತ್ತಗಿನ ಕಾರ್ಖಾನೆ ಆಹಾರವನ್ನು ಅವರು ಬೇಗಬೇಗ ತಿನ್ನುತ್ತಿದ್ದರು.

ಸಜ್ಜೆಯ ಕಟಿರೊಟ್ಟಿಯನ್ನು ಮುರಿದು ಅಗಸಿ ಹಿಂಡಿ, ಮೊಸರಿನೊಂದಿಗೆ ತಿನ್ನುವವರ ದವಡೆಯನ್ನು ನೋಡಿದರೆ ಈ ಅಧ್ಯಯನ ಅರ್ಥವಾಗುತ್ತದೆ. ಒಂದು ರೊಟ್ಟಿ ಮುಗಿಯುವ ಹೊತ್ತಿಗೆ ಕರುಳಿನ ಸುದ್ದಿ ಮಿದುಳಿಗೆ ಮುಟ್ಟಲು ಸಾಕಷ್ಟು ಸಮಯ ಸಿಗುತ್ತದೆ. ಮೆತ್ತಗಿನ ಅನ್ನ-ಸಾರು ಅಗಿಯದೆಯೂ ಇಳಿಯುತ್ತದೆ. ಕುರುಕಲಿನ ಪ್ಯಾಕೆಟ್ಟು ಬಾಯಲ್ಲೇ ಕರಗುತ್ತದೆ. ಹಾವೇರಿ ಸೀಮೆಯಲ್ಲಿ ಜೋಳದ ಹೊಲಗಳಿಗೆ ಗೋವಿನಜೋಳ, ಹತ್ತಿ ಬಂದು, ತಾಟಿನಲ್ಲಿ ರೊಟ್ಟಿಯ ಪಾಲು ಇಳಿದು ಅನ್ನದ ಪಾಲು ಏರಿದಾಗ ಬದಲಾದದ್ದು ಧಾನ್ಯದ ಜೊತೆಗೆ ಉಣ್ಣುವ ವೇಗ ಕೂಡ.

ಒಂದು ಎಚ್ಚರಿಕೆ

ಮೇಲೆ ಬಂದ ಬ್ರಯಾನ್ ವಾನ್‌ಸಿಂಕ್ ಹೆಸರಿನ ಬಗ್ಗೆ ಹೇಳಿಯೇ ಮುಂದೆ ಹೋಗಬೇಕು. ಕಾರ್ನೆಲ್ ವಿಶ್ವವಿದ್ಯಾಲಯದ ಇವರು ಈ ಕ್ಷೇತ್ರದ ತಾರೆಯಾಗಿದ್ದವರು. ತಿಂದಷ್ಟೂ ಗುಟ್ಟಾಗಿ ಮತ್ತೆ ತುಂಬಿಕೊಳ್ಳುವ ಸೂಪಿನ ಬಟ್ಟಲಿನ ಪ್ರಯೋಗಕ್ಕೆ 2007ರಲ್ಲಿ ಇಗ್ ನೊಬೆಲ್ ಎಂಬ ವಿನೋದದ ಪ್ರಶಸ್ತಿ ಪಡೆದರು. ಆಮೇಲೆ ಅವರ ಹಲವು ಪ್ರಬಂಧಗಳ ಅಂಕಿಅಂಶ ಹೊಂದುವುದಿಲ್ಲವೆಂದು ಇತರ ಸಂಶೋಧಕರು ಪತ್ತೆ ಮಾಡಿದರು. 2018ರ ಸೆಪ್ಟೆಂಬರಿನಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಗಳು ಒಟ್ಟಿಗೆ ಆರು ಪ್ರಬಂಧಗಳನ್ನು ಹಿಂತೆಗೆದವು. ವಿಶ್ವವಿದ್ಯಾಲಯದ ತನಿಖೆ ತಪ್ಪು ನಡೆದಿದೆ ಎಂದಿತು. ಅವರು ರಾಜೀನಾಮೆ ಕೊಟ್ಟರು. ‘ಚಿಕ್ಕ ತಟ್ಟೆ ತಂದರೆ ತೂಕ ಇಳಿಯುತ್ತದೆ’ ಎಂಬಂಥ ಜನಪ್ರಿಯ ಸಲಹೆಗಳನ್ನು ಅನುಮಾನದಿಂದಲೇ ನೋಡಬೇಕು. ಆದರೆ ಪ್ರಮಾಣ, ಜೊತೆ, ನೆನಪು, ವೇಗ ಈ ನಾಲ್ಕರ ಪ್ರಭಾವ ಅವರೊಬ್ಬರ ಮಾತಿನ ಮೇಲೆ ನಿಂತಿಲ್ಲ. 2015ರಲ್ಲಿ ಕಾಕ್ರೇನ್ ಸಂಸ್ಥೆ 72 ಅಧ್ಯಯನಗಳನ್ನು ತೂಗಿ ನೋಡಿ, ದೊಡ್ಡ ಪ್ರಮಾಣ, ದೊಡ್ಡ ಪ್ಯಾಕೆಟ್ಟು, ದೊಡ್ಡ ಪಾತ್ರೆಗಳು ತಿನ್ನುವುದನ್ನು ಹೆಚ್ಚಿಸುತ್ತವೆ ಎಂದಿತು. ಪರಿಣಾಮ ಭಾರೀ ಅಲ್ಲ, ಸಾಧಾರಣದ್ದು. ಆದರೆ ದಿನಕ್ಕೆ ಮೂರು ಹೊತ್ತು ನಡೆಯುವಂಥದ್ದು.

ಏನು ಮಾಡಬೇಕು

ಜೊತೆಯ ಪ್ರಭಾವ ಯಾವಾಗಲೂ ಕೆಟ್ಟದ್ದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಹತ್ತರಲ್ಲಿ ಮೂವರ ತೂಕ ಹೆಚ್ಚು; ಅದೇ ಹೊತ್ತಿಗೆ ಐದು ವರ್ಷದೊಳಗಿನ ಮೂರು ಮಕ್ಕಳಲ್ಲಿ ಒಂದರ ಬೆಳವಣಿಗೆ ಕುಂಠಿತ. ಒಂದೇ ಓಣಿಯಲ್ಲಿ ಎರಡೂ ಇವೆ. ಅಮೆರಿಕದ ಮಿಶಿಗನ್ನಿನಲ್ಲಿ 2007ರಲ್ಲಿ ನಡೆದ ಅಧ್ಯಯನದಲ್ಲಿ ಮೂರು ಮಕ್ಕಳ ಗುಂಪಿಗಿಂತ ಒಂಬತ್ತು ಮಕ್ಕಳ ಗುಂಪು, ತಿಂಡಿಯ ಸಮಯ ಸಾಕಷ್ಟಿದ್ದಾಗ, ಶೇ 30ರಷ್ಟು ಹೆಚ್ಚು ತಿಂದಿತು. ಶಾಲೆಯ ವರಾಂಡದಲ್ಲಿ ಸಾಲಾಗಿ ಕೂತು ಅಕ್ಷರ ದಾಸೋಹದ ಊಟ ಮಾಡುವ ಮಕ್ಕಳಿಗೆ ಪಂಕ್ತಿಯೇ ಔಷಧ. ಕಿರಿಯ ತರಗತಿಯ ಮಗುವಿಗೆ ನಿಗದಿಯಾದ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು ಹೊಟ್ಟೆಗೆ ಸೇರಬೇಕಾದರೆ ಗದ್ದಲ ಇರಲಿ, ಸಮಯವೂ ಇರಲಿ; ಬೇಗ ಮುಗಿಸಿ ಏಳಿ ಎಂದು ಅವಸರ ಮಾಡಬೇಡಿ.

ದೊಡ್ಡವರಿಗೆ ಬೇಕಾದದ್ದು ಬೇರೆ. ‘ಇನ್ನು ಮುಂದೆ ಎಚ್ಚರದಿಂದ ಉಣ್ಣುತ್ತೇನೆ’ ಎಂಬ ಸಂಕಲ್ಪ ಹೆಚ್ಚು ಕಾಲ ಬಾಳುವುದಿಲ್ಲ, ಏಕೆಂದರೆ ಯಾವುದರ ಬಗ್ಗೆ ಎಚ್ಚರವಿರಬೇಕೋ ಅದು ಕಾಣುವುದೇ ಇಲ್ಲ. ಸಂಕಲ್ಪಕ್ಕಿಂತ ಏರ್ಪಾಡು ಮೇಲು. ರೊಟ್ಟಿಯ ಬುಟ್ಟಿ ಒಲೆಯ ಹತ್ತಿರವೇ ಇರಲಿ, ತಾಟಿನ ಪಕ್ಕ ಬೇಡ. ಖಾರ, ಚೂಡಾ, ಶೇಂಗಾ ಡಬ್ಬಿಯಿಂದ ನೇರ ಬಾಯಿಗೆ ಹೋಗದಿರಲಿ; ಬಟ್ಟಲಿಗೆ ಹಾಕಿಕೊಂಡು ಡಬ್ಬಿ ಮುಚ್ಚಿ. ಮಿರ್ಚಿಯ ತೊಟ್ಟು, ಶೇಂಗಾ ಸಿಪ್ಪೆ ಏಳುವ ತನಕ ಕಣ್ಣೆದುರೇ ಇರಲಿ. ಊಟದ ಹೊತ್ತಿಗೆ ಟಿ.ವಿ., ಮೊಬೈಲು ಬಂದ್ ಮಾಡಿ.

ಇವೆಲ್ಲ ಉಣ್ಣುವವರಿಗಾಯಿತು. ಬಡಿಸುವವರ ಪಾತ್ರ ಇದಕ್ಕಿಂತ ದೊಡ್ಡದು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಪಂಕ್ತಿಯಲ್ಲಿ ಕೂತವರಲ್ಲಿ ಅಂಥವರು ಇದ್ದೇ ಇರುತ್ತಾರೆ. ಮರ್ಯಾದೆಗೆ ಒಮ್ಮೆ ಕೇಳಿ. ಅವರು ಎಲೆಗೆ ಅಡ್ಡ ಕೈ ಹಿಡಿದು ‘ಸಾಕ್ರಿ’ ಎಂದರೆ ನಂಬಿ, ಹುಗ್ಗಿಯ ಬಕೆಟ್ ಮುಂದಿನ ಎಲೆಗೆ ಹೋಗಲಿ.